ಎಐ ಎಂಬ ಬೆಂಡು: ಮಕ್ಕಳಿಗೆ ಯಾವುದನ್ನು ಕಟ್ಟಬೇಕು, ಯಾವಾಗ ಬಿಚ್ಚಬೇಕು?

ನನಗೆ ಈಜು ಕಲಿಸಿದ್ದು ನನ್ನ ಸೋದರಮಾವ, ತೋಟದ ಬಾವಿಯಲ್ಲಿ. ಮೊದಲ ದಿನ ಬೆನ್ನಿಗೆ ಮೂರು ಕತ್ತಾಳೆ ಬೆಂಡು ಕಟ್ಟಿದ್ದರು. ಮುಳುಗೋಣ ಎಂದರೂ ಮುಳುಗಲು ಆಗುತ್ತಿರಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಒಂದನ್ನು ಬಿಚ್ಚಿದರು. ನಾನು ಬೇಡ ಎಂದು ಅತ್ತುಬಿಟ್ಟೆ. ಅವರು ಕೇಳಲಿಲ್ಲ. ಮುಂದಿನ ವಾರ ಇನ್ನೊಂದು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೆನ್ನ ಮೇಲೆ ಏನೂ ಇರಲಿಲ್ಲ. ಮಾವ ಮಾತ್ರ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದರು.

ಈಗ ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಪೋಷಕರ ಸಭೆಯಲ್ಲಿ ಎರಡು ವರ್ಷದಿಂದ ಒಂದೇ ಪ್ರಶ್ನೆ ಬರುತ್ತಿದೆ. "ಮಿಸ್, ಮಗಳು ಮೊಬೈಲಲ್ಲಿ ಎಐ ಹತ್ರ ಕೇಳ್ಕೊಂಡು ಹೋಮ್‌ವರ್ಕ್ ಮಾಡ್ತಾಳೆ. ಬಿಡಬೇಕಾ, ಬೇಡ ಅನ್ನಬೇಕಾ?" ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಬಾವಿ ನೆನಪಾಗುತ್ತದೆ. ಬೆಂಡು ಕಟ್ಟದೆ ತಳ್ಳಿದರೆ ಮಗು ಹೆದರುತ್ತದೆ. ಬೆಂಡು ಬಿಚ್ಚದೇ ಬಿಟ್ಟರೆ ಎಷ್ಟು ವರ್ಷ ನೀರಲ್ಲಿದ್ದರೂ ಈಜು ಬರುವುದಿಲ್ಲ. ಹಾಗಾಗಿ ಯಾವ ಬೆಂಡು, ಯಾವ ವಯಸ್ಸಿಗೆ, ಬಿಚ್ಚುವುದು ಯಾವಾಗ ಎಂದು ಯೋಚಿಸಬೇಕು.

ನಮ್ಮ ಮುಂದೆ ಈಗ ಐದು ದಾರಿಗಳಿವೆ. ಎಐ ಮುಟ್ಟಲೇಬೇಡಿ ಎನ್ನುವುದು, ಏನು ಕೇಳಿದರೂ ನೇರ ಉತ್ತರ ಬರೆದುಕೊಡುವ ಸಾಮಾನ್ಯ ಚಾಟ್‌ಬಾಟ್ ಕೈಗೆ ಕೊಟ್ಟುಬಿಡುವುದು, ಉತ್ತರದ ಬದಲು ಸುಳಿವು ಕೊಡುವ ಕಲಿಕೆಯ ಮೋಡ್ ಬಳಸುವುದು, ಪಠ್ಯಪುಸ್ತಕಕ್ಕೇ ಕಟ್ಟಿಹಾಕಿದ ಎಐ ಬಳಸುವುದು, ಕೊನೆಗೆ, ಎಐ ಬಳಸುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವುದು. ನಾನು ಐದನ್ನೂ ನನ್ನ ತರಗತಿಯಲ್ಲಿ ಒಂದಲ್ಲ ಒಂದು ರೀತಿ ಮಾಡಿ ನೋಡಿದ್ದೇನೆ. ಐದಕ್ಕೂ ಒಂದೇ ತೂಕ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಳೆಯುವುದು ಯಾವ ಕೋಲಿನಿಂದ?

ಟರ್ಕಿ ದೇಶದ ಒಂದು ಹೈಸ್ಕೂಲಿನಲ್ಲಿ 2023ರ ಕೊನೆಯ ತಿಂಗಳುಗಳಲ್ಲಿ ಒಂದು ಪ್ರಯೋಗ ನಡೆಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದು. ಸುಮಾರು ಸಾವಿರ ಮಕ್ಕಳು, ವಿಷಯ ಗಣಿತ. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ನೆರವಿನಿಂದ ತಿದ್ದಿದ ಚಾಟ್‌ಬಾಟ್ ಕೊಟ್ಟರು. ಮೂರನೆಯ ಗುಂಪಿಗೆ ಪುಸ್ತಕ, ನೋಟ್ಸ್ ಅಷ್ಟೆ.

ಅಭ್ಯಾಸದ ಹೊತ್ತಿನಲ್ಲಿ ಸಾಮಾನ್ಯ ಚಾಟ್‌ಬಾಟ್ ಇದ್ದವರು ಪುಸ್ತಕದವರಿಗಿಂತ 48% ಚೆನ್ನಾಗಿ ಮಾಡಿದರು. ಸುಳಿವಿನ ಚಾಟ್‌ಬಾಟ್ ಇದ್ದವರು 127% ಚೆನ್ನಾಗಿ ಮಾಡಿದರು. ಆಮೇಲೆ ಎಲ್ಲರಿಂದಲೂ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಆಗ ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಪುಸ್ತಕದವರಿಗಿಂತ 17% ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಅಂಥ ಪೆಟ್ಟು ಬೀಳಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದಿದ್ದೇವೆ ಎಂದು ಅನ್ನಿಸಿರಲೇ ಇಲ್ಲ.

ಹಾಗಾಗಿ ನಾನು ಯಾವ ದಾರಿಯನ್ನು ನೋಡಿದರೂ ಮೊದಲು ಕೇಳುವ ಪ್ರಶ್ನೆ ಒಂದೇ. ಫೋನ್ ಎತ್ತಿಟ್ಟ ಮರುದಿನ ಮಗುವಿಗೆ ಏನು ಬರುತ್ತದೆ? ಹೋಮ್‌ವರ್ಕ್ ಎಷ್ಟು ಬೇಗ ಮುಗಿಯಿತು, ಎಷ್ಟು ಚೆಂದ ಕಂಡಿತು ಎನ್ನುವುದನ್ನು ನಾನು ಈಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮುಟ್ಟಲೇಬೇಡಿ ಎಂದರೆ

ಇದು ಸುಲಭವಾಗಿ ಕಾಣುತ್ತದೆ. ಕೆಲವು ಕಡೆ ಸರಿಯೂ ಹೌದು. 5ನೇ ತರಗತಿಯ ಮಗು ಮಗ್ಗಿ ಕಲಿಯಲು, ಕೈಬರಹ ತಿದ್ದಲು ಎಐ ಏನೂ ಬೇಡ. ಎಸ್‌ಎಸ್‌ಎಲ್‌ಸಿ ಮಗು ಪರೀಕ್ಷಾ ಕೊಠಡಿಯಲ್ಲಿ ಪೆನ್ನು ಹಿಡಿದು ಒಂಟಿಯಾಗಿ ಬರೆಯಬೇಕು. ಆ ಅಭ್ಯಾಸಕ್ಕೆ ಎಐ ಇಲ್ಲದ ಗಂಟೆಗಳು ಬೇಕೇ ಬೇಕು.

ಆದರೆ 9ನೇ ತರಗತಿ ದಾಟಿದವರಿಗೆ ಪೂರ್ತಿ ನಿಷೇಧ ಎನ್ನುವುದು ಕಾಗದದ ಮೇಲಿನ ಮಾತು. 2024ರಿಂದ ಎಐ ವಾಟ್ಸಾಪಿನ ಒಳಗೇ ಕೂತಿದೆ. ಅದೇ ವರ್ಷ ಗೂಗಲ್‌ನ ಎಐ ಆದ ಜೆಮಿನಿ ಆ್ಯಪ್ ಕನ್ನಡವನ್ನೂ ಸೇರಿಸಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. 2025ರಲ್ಲಿ ಮೊಬೈಲ್ ಕಂಪನಿಗಳು ರೀಚಾರ್ಜ್ ಜೊತೆಗೆ ಎಐ ಚಂದಾವನ್ನು ಉಚಿತವಾಗಿ ಕೊಡಲು ಶುರು ಮಾಡಿದವು. ಬೇಡ ಎಂದರೆ ಮಕ್ಕಳು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ನನಗೆ ಅದೇ ದೊಡ್ಡ ಭಯ.

ಇನ್ನು, ಎಐ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರ್ ಇದೆಯಲ್ಲ ಎನ್ನುವವರಿದ್ದಾರೆ. ದಯವಿಟ್ಟು ಅದನ್ನು ನಂಬಿ ಮಗುವಿನ ಮೇಲೆ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು 2023ರ ಜುಲೈನಲ್ಲಿ ನಿಲ್ಲಿಸಿತು. ಅದು ಸರಿಯಾಗಿ ಹಿಡಿಯುತ್ತಿಲ್ಲ ಎಂದು ಅವರೇ ಹೇಳಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಇಂಥ ಸಾಧನಗಳು ಎಐ ಬರೆದದ್ದು ಎಂದುಬಿಟ್ಟವು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುನಲ್ಲಿ ಸರಳ ಇಂಗ್ಲಿಷ್ ಬರೆಯುವ ನಮ್ಮ ಮಕ್ಕಳ ಗತಿ ಏನಾಗಬಹುದು, ಯೋಚಿಸಿ.

ಚಾಟ್‌ಬಾಟ್ ಕೈಗೆ ಕೊಟ್ಟುಬಿಟ್ಟರೆ

ನನ್ನ 9ನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂದು ಬಸ್ಸು ದಾರಿಯ ಮೊದಲ ಅರ್ಧವನ್ನು ಗಂಟೆಗೆ 40 ಕಿ.ಮೀ. ಜವದಲ್ಲಿ (ಸ್ಪೀಡಿನಲ್ಲಿ) ಹೋಯಿತು. ಉಳಿದ ಅರ್ಧವನ್ನು ಗಂಟೆಗೆ 60 ಕಿ.ಮೀ. ಜವದಲ್ಲಿ ಹೋಯಿತು. ಸರಾಸರಿ ಜವ ಎಷ್ಟು? ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು 50 ಎನ್ನುತ್ತಾರೆ. ಸರಿ ಉತ್ತರ 48. ಬಸ್ಸು ನಿಧಾನವಾಗಿ ಹೋದ ಅರ್ಧದಲ್ಲಿ ಜಾಸ್ತಿ ಹೊತ್ತು ಕಳೆದಿದೆ, ಅದಕ್ಕೆ. ದಾರಿ 240 ಕಿ.ಮೀ. ಎಂದುಕೊಂಡರೆ ಮೊದಲ ಅರ್ಧಕ್ಕೆ 3 ಗಂಟೆ, ಎರಡನೆಯದಕ್ಕೆ 2 ಗಂಟೆ. 240ನ್ನು 5ರಿಂದ ಭಾಗಿಸಿ, ಸಾಕು.

ಈ ಲೆಕ್ಕವನ್ನು ಚಾಟ್‌ಬಾಟಿಗೆ ಹಾಕಿದರೆ ಎರಡು ಸೆಕೆಂಡಿನಲ್ಲಿ 48 ಬರುತ್ತದೆ, ಹೆಜ್ಜೆಗಳ ಸಮೇತ. ಮಗು ಅದನ್ನು ಓದುತ್ತದೆ, ತಲೆಯಾಡಿಸುತ್ತದೆ, ಬರೆದುಕೊಳ್ಳುತ್ತದೆ. ಆದರೆ 50 ಎಂದು ಯೋಚಿಸಿ, ಅದು ಯಾಕೆ ತಪ್ಪು ಎಂದು ತಲೆ ಕೆರೆದುಕೊಳ್ಳುವ ಆ ಎರಡು ನಿಮಿಷ ಹೋಯಿತು. ಕಲಿಕೆ ಇದ್ದದ್ದು ಆ ಎರಡು ನಿಮಿಷದಲ್ಲಿ. ಮರುದಿನ ಅರ್ಧ ದೂರದ ಬದಲು ಅರ್ಧ ಸಮಯ 40ರಲ್ಲಿ, ಉಳಿದ ಅರ್ಧ ಸಮಯ 60ರಲ್ಲಿ ಹೋಯಿತು ಎಂದು ಕೇಳಿದರೆ ಈಗ ಉತ್ತರ ನಿಜಕ್ಕೂ 50. ಅಲ್ಲಿ ಮಗು 48 ಎಂದು ಬರೆಯುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಂತ ಸಾಮಾನ್ಯ ಚಾಟ್‌ಬಾಟ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 2024ರಲ್ಲಿ ನೈಜೀರಿಯಾದ ಬೆನಿನ್ ನಗರದಲ್ಲಿ ವಿಶ್ವಬ್ಯಾಂಕ್ ಒಂದು ಪ್ರಯೋಗ ಮಾಡಿತು. ಶಾಲೆ ಮುಗಿದ ಮೇಲೆ ಆರು ವಾರ ಮಕ್ಕಳು ಮೈಕ್ರೋಸಾಫ್ಟಿನ ಕೋಪೈಲಟ್ ಬಳಸಿ ಇಂಗ್ಲಿಷ್ ಕಲಿತರು. ಅದೂ ಸಾಮಾನ್ಯ ಚಾಟ್‌ಬಾಟೇ. ಆದರೆ ಅಲ್ಲಿ ಮಕ್ಕಳು ಕಲಿತರು, ಚೆನ್ನಾಗಿಯೇ ಕಲಿತರು. ಆ ಕೋಣೆಯಲ್ಲಿ ಶಿಕ್ಷಕರು ಇದ್ದರು. ಏನು ಕೇಳಬೇಕು, ಬಂದ ಉತ್ತರವನ್ನು ಏನು ಮಾಡಬೇಕು ಎಂದು ದಾರಿ ತೋರಿಸುತ್ತಿದ್ದರು. ನಮ್ಮ ಮಾವ ಮೆಟ್ಟಿಲ ಮೇಲೆ ಕೂತ ಹಾಗೆ. ರಾತ್ರಿ ಹತ್ತಕ್ಕೆ ಹೊದಿಕೆಯೊಳಗೆ ಒಬ್ಬಳೇ ಕೂತು ಬಳಸುವ ಮಗುವಿಗೆ ಆ ಮೆಟ್ಟಿಲು ಇಲ್ಲ.

ಒಂದು ಸಣ್ಣ ವಿಷಯ, ಆದರೆ ಕನ್ನಡ ಮಾಧ್ಯಮದವರು ಗಮನಿಸಲೇಬೇಕು. ನಮ್ಮ ಪುಸ್ತಕದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ, ಆಕ್ಸಲರೇಶನ್‌ಗೆ ವೇಗೋತ್ಕರ್ಷ. ಚಾಟ್‌ಬಾಟ್ ಎಷ್ಟೋ ಸಲ ಸ್ಪೀಡನ್ನೂ ವೇಗ ಎನ್ನುತ್ತದೆ. ಆಕ್ಸಲರೇಶನ್ ಅನ್ನು ವೇಗವರ್ಧನೆ ಎನ್ನುತ್ತದೆ. ಜವ ಮತ್ತು ವೇಗದ ವ್ಯತ್ಯಾಸ ತಿಳಿಯುವುದೇ ಆ ಪಾಠದ ಜೀವ. ಅಲ್ಲೇ ಕಲಸಿಹೋದರೆ ಮುಂದೆ ಪಿಯು ಭೌತಶಾಸ್ತ್ರದಲ್ಲಿ ಕಷ್ಟ.

ಸುಳಿವು ಕೊಡುವ ಮೋಡ್

ಅಂತರ್ಜಾಲದಲ್ಲಿ ಉಚಿತವಾಗಿ ಪಾಠ ಹೇಳುವ ಖಾನ್ ಅಕಾಡೆಮಿಯ ಎಐ ಮೇಷ್ಟ್ರು ಖಾನ್‌ಮಿಗೊ 2023ರಲ್ಲಿ ಬಂದಾಗಲೇ ಈ ದಾರಿ ಶುರುವಾಗಿತ್ತು. 2025ರಲ್ಲಿ ಎಲ್ಲರೂ ಸೇರಿಕೊಂಡರು. ಏಪ್ರಿಲ್‌ನಲ್ಲಿ ಆಂತ್ರೊಪಿಕ್ ಕಂಪನಿಯ ಚಾಟ್‌ಬಾಟ್ ಕ್ಲಾಡ್ ಕಾಲೇಜುಗಳಿಗಾಗಿ ಕಲಿಕೆಯ ಮೋಡ್ ತಂದಿತು. ಜುಲೈ ಕೊನೆಯಲ್ಲಿ ಚಾಟ್‌ಜಿಪಿಟಿಯಲ್ಲಿ ಸ್ಟಡಿ ಮೋಡ್ ಬಂತು. ಆಗಸ್ಟಿನಲ್ಲಿ ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್ ಬಂತು. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಕೇಳಿದ ತಕ್ಷಣ ಉತ್ತರ ಕೊಡದೆ, ತಿರುಗಿ ಪ್ರಶ್ನೆ ಕೇಳುತ್ತದೆ.

ಅದೇ ಬಸ್ಸಿನ ಲೆಕ್ಕ ಹಾಕಿದರೆ ಅದು ಹೀಗೆ ಶುರುಮಾಡುತ್ತದೆ. ಸರಾಸರಿ ಜವ ಕಂಡುಹಿಡಿಯಲು ಯಾವ ಎರಡು ವಿಷಯ ಗೊತ್ತಿರಬೇಕು? ಮಗು ಒಟ್ಟು ದೂರ, ಒಟ್ಟು ಸಮಯ ಎಂದರೆ, ಸರಿ, ದೂರ ಕೊಟ್ಟಿಲ್ಲವಲ್ಲ, ನೀನೇ ಒಂದು ದೂರ ಇಟ್ಟುಕೊಂಡು ನೋಡು ಎನ್ನುತ್ತದೆ. ಒಳ್ಳೆಯ ಮೇಷ್ಟ್ರು ಮಾಡುವುದೂ ಇದನ್ನೇ. ಟರ್ಕಿಯ ಎರಡನೆಯ ಗುಂಪಿಗೆ ಪೆಟ್ಟು ಬೀಳದೆ ಇದ್ದದ್ದು ಯಾಕೆ ಎಂದು ಇಲ್ಲಿ ಕಾಣುತ್ತದೆ.

ತೊಂದರೆ ಏನೆಂದರೆ, ಈ ಮೋಡ್ ಬೇಡ ಎನಿಸಿದರೆ ಒಂದು ಸಲ ಒತ್ತಿದರೆ ಹೋಯಿತು. ಪರೀಕ್ಷೆಯ ಹಿಂದಿನ ರಾತ್ರಿ, ನಿದ್ದೆ ಎಳೆಯುತ್ತಿರುವಾಗ, ಐದು ಪ್ರಶ್ನೆ ಬಾಕಿ ಇರುವಾಗ ಯಾವ ಮಗು ತಾನೇ ಸುಳಿವಿಗೆ ಕಾಯುತ್ತದೆ? ಬೆಂಡು ಕಟ್ಟುವುದೂ ಬಿಚ್ಚುವುದೂ ಮಗುವಿನ ಕೈಯಲ್ಲೇ ಇದೆ. ಅದಕ್ಕೇ ಈ ದಾರಿಯನ್ನು ನಾನು ಮಗುವಿನ ಜೊತೆ ಒಂದು ಮಾತುಕತೆ ಆದ ಮೇಲಷ್ಟೇ ಹೇಳುತ್ತೇನೆ. ಯಾಕೆ ಸುಳಿವು, ಯಾಕೆ ಉತ್ತರ ಅಲ್ಲ ಎಂದು ಅದಕ್ಕೆ ಮನವರಿಕೆ ಆಗಬೇಕು. ಟರ್ಕಿಯ ಕಥೆಯನ್ನೇ ನಾನು 9ನೇ ತರಗತಿಗೆ ಹೇಳುತ್ತೇನೆ. ಬೋರ್ಡಿನ ಮೇಲೆ 48, 127, ಕೆಳಗೆ ಮೈನಸ್ 17 ಎಂದು ಬರೆಯುತ್ತೇನೆ. ಉಪದೇಶಕ್ಕಿಂತ ಆ ಮೂರು ಸಂಖ್ಯೆ ಜಾಸ್ತಿ ಕೆಲಸ ಮಾಡುತ್ತವೆ.

ಮೋಡ್ ಇಲ್ಲದ ಫೋನು, ಹಳೆಯ ಆ್ಯಪ್ ಇದ್ದರೂ ಪರವಾಗಿಲ್ಲ. ಮಕ್ಕಳಿಗೆ ನಾನು ಬರೆಸಿರುವ ಸಾಲುಗಳು ಇವು: "ನಾನು 9ನೇ ತರಗತಿ. ಉತ್ತರ ಹೇಳಬೇಡ. ಒಂದು ಸಲಕ್ಕೆ ಒಂದೇ ಸುಳಿವು ಕೊಡು. ನಾನು ಬರೆದ ಹೆಜ್ಜೆ ನೋಡಿ ಎಲ್ಲಿ ತಪ್ಪಿದೆ ಎಂದು ನನ್ನನ್ನೇ ಕೇಳು. ಜವ, ವೇಗ, ವೇಗೋತ್ಕರ್ಷ ಎಂಬ ಪುಸ್ತಕದ ಪದಗಳನ್ನೇ ಬಳಸು." ಇದನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿಕೊಂಡಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೂ ಸಾಮಾನ್ಯವಾಗಿ ನಡೆಯುತ್ತದೆ.

ಪುಸ್ತಕಕ್ಕೆ ಕಟ್ಟಿಹಾಕಿದ ಎಐ

ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಇದಕ್ಕೆ ಒಳ್ಳೆಯ ಉದಾಹರಣೆ. ನಾವು ಕೊಟ್ಟ ಪುಸ್ತಕ, ನೋಟ್ಸ್ ಒಳಗಿಂದಲೇ ಅದು ಉತ್ತರ ಹುಡುಕುತ್ತದೆ. ಯಾವ ಸಾಲಿನಿಂದ ತೆಗೆದುಕೊಂಡೆ ಎಂದು ತೋರಿಸುತ್ತದೆ. ಆ ತೋರಿಸುವ ಗುಣಕ್ಕೇ ನಾನು ಇದನ್ನು ಇಷ್ಟಪಡುತ್ತೇನೆ. ಮಗುವಿಗೆ ಉತ್ತರ ಓದಿದ ಮೇಲೆ ಮೂಲಕ್ಕೆ ಹೋಗಿ ನೋಡುವ ಅಭ್ಯಾಸ ಬೀಳುತ್ತದೆ. ಪಿಯು, ಡಿಗ್ರಿ ಮಕ್ಕಳಿಗೆ, ಅದರಲ್ಲೂ ಇತಿಹಾಸ, ವಾಣಿಜ್ಯದ ಹಾಗೆ ಓದು ಜಾಸ್ತಿ ಇರುವ ವಿಷಯಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಗಣಿತಕ್ಕೆ ಅಷ್ಟು ಲಾಭವಿಲ್ಲ.

ಕನ್ನಡದಲ್ಲಿ ಒಂದು ತೊಡಕು ಇದೆ. ಎಷ್ಟೋ ಕನ್ನಡ ಪಿಡಿಎಫ್‌ಗಳು ಹಳೆಯ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ತಯಾರಾಗಿವೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಅಂಥದ್ದನ್ನು ಕೊಟ್ಟರೆ ಉತ್ತರ ಕೆಟ್ಟುಹೋಗಬಹುದು. ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಕೊಡಿ. ಕಲಸಿ ಬಂದರೆ ಆ ಪುಟಗಳ ಫೋಟೊ ತೆಗೆದು ಫೋನಿನಲ್ಲೇ ಅಕ್ಷರಕ್ಕೆ ಬದಲಾಯಿಸಿ ಕೊಡಬೇಕು. ಇಲ್ಲವೇ ಮಕ್ಕಳು ತಾವೇ ಟೈಪ್ ಮಾಡಿದ ನೋಟ್ಸ್ ಕೊಡಬೇಕು. ಈ ಎರಡನೆಯದರಲ್ಲಿ ಟೈಪ್ ಮಾಡುವಾಗಲೇ ಅರ್ಧ ಓದು ಮುಗಿದಿರುತ್ತದೆ.

ಪುಸ್ತಕಕ್ಕೆ ಕಟ್ಟಿದರೆ ತಪ್ಪೇ ಬರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ತಪ್ಪು ಕಡಿಮೆಯಾಗುತ್ತದೆ. ಹುಡುಕಲು ಸುಲಭವಾಗುತ್ತದೆ. ಅಷ್ಟು ಸಾಕು.

ಕಟ್ಟದೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಶಾಲೆಯಲ್ಲೇ ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗ ಭಾಷಣ ಸ್ಪರ್ಧೆಗೆ ಬಸವಣ್ಣನವರ ವಚನ ಬೇಕೆಂದು ಒಂದು ಚಾಟ್‌ಬಾಟಿಗೆ ಕೇಳಿದ್ದ. ಸೊಗಸಾದ ವಚನ ಬಂದಿತ್ತು. ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವೂ ಇತ್ತು. ನಮ್ಮ ಕನ್ನಡ ಮೇಡಂ ಎರಡು ಸಲ ಓದಿ, "ಇದು ಬಸವಣ್ಣನವರ ಮಾತಿನ ಹಾಗೆ ಕೇಳ್ತಾ ಇಲ್ಲ" ಎಂದರು. ಹುಡುಕಿದರೆ ಎಲ್ಲೂ ಇಲ್ಲ. ಯಂತ್ರವೇ ಹೊಸೆದದ್ದು. ಅವರು ಹುಡುಗನನ್ನು ಬೈಯಲಿಲ್ಲ. ಅದನ್ನೇ ಪಾಠ ಮಾಡಿಕೊಂಡರು. ಈಗ ಅವರ ತರಗತಿಯಲ್ಲಿ ಪ್ರತಿ ತಿಂಗಳು ಒಂದು ದಿನ ವಚನ ಪತ್ತೆ ಇರುತ್ತದೆ. ಎಐ ಕೊಟ್ಟ ಮೂರು ವಚನ, ನಿಜವಾದ ಮೂರು ವಚನ ಬೆರೆಸಿ ಕೊಡುತ್ತಾರೆ. ಅಂಕಿತ ಸರಿಯಾ ನೋಡಿ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಆಮೇಲೆ ಪದಗಳು ಆ ಕಾಲದವಾ ನೋಡಿ. ಕೊನೆಗೆ ಲೈಬ್ರರಿಯ ವಚನ ಸಂಪುಟದಲ್ಲೋ, ವಚನ ಸಂಚಯ ಜಾಲತಾಣದಲ್ಲೋ ಹುಡುಕಿ. ಎಐ ಬಗ್ಗೆ ತಿಳುವಳಿಕೆ ಕೊಡಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ನೋಡಿಲ್ಲ. ಅದೂ ಕನ್ನಡ ಪೀರಿಯಡ್ಡಿನಲ್ಲಿ!

ಬಳಸುವ ಮೊದಲು ಒಳಗೆ ಇಣುಕುವುದು

ಐದರಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಇದಕ್ಕೆ ಫೋನೂ ಬೇಡ, ಡೇಟಾನೂ ಬೇಡ. 6ನೇ ತರಗತಿಯಿಂದಲೇ ಮಾಡಬಹುದು.

ನಾನು ಹೀಗೆ ಶುರುಮಾಡುತ್ತೇನೆ. ಬೋರ್ಡಿನ ಮೇಲೆ "ಕೈ ಕೆಸರಾದರೆ" ಎಂದು ಬರೆದು ನಿಲ್ಲಿಸುತ್ತೇನೆ. ಇಡೀ ತರಗತಿ "ಬಾಯಿ ಮೊಸರು" ಎಂದು ಕೂಗುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳುತ್ತೇನೆ. ತುಂಬಾ ಸಲ ಕೇಳಿದ್ದೇವೆ ಎನ್ನುತ್ತಾರೆ. ಎಐ ಕೂಡ ಹಾಗೇ, ಕೋಟಿಗಟ್ಟಲೆ ಸಾಲು ಓದಿ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತದೆ ಎಂದು ಹೇಳುತ್ತೇನೆ. ಆಮೇಲೆ ಇನ್ನೊಂದು ಸಾಲು: "ಇವತ್ತು ನಮ್ಮೂರ ಸಂತೆಯಲ್ಲಿ ಟೊಮೆಟೊ ಕೆಜಿಗೆ". ಒಬ್ಬರು 30 ಎನ್ನುತ್ತಾರೆ, ಒಬ್ಬರು 25, ಇನ್ನೊಬ್ಬರು 40. ಯಾರಾದರೂ ಇವತ್ತು ಸಂತೆಗೆ ಹೋಗಿದ್ದಿರಾ? ಇಲ್ಲ. ಮತ್ತೆ ಹೇಗೆ ಹೇಳಿದಿರಿ? ಸುಮ್ನೆ, ಅಷ್ಟು ಇರಬಹುದು ಅಂತ. ಆಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಗೊತ್ತಿಲ್ಲದಿದ್ದರೂ ಗೊತ್ತಿದ್ದ ಹಾಗೆ ಸಂಖ್ಯೆ ಹೇಳುವುದು ಎಷ್ಟು ಸುಲಭ ಎಂದು ಅವರಿಗೆ ಆ ಕ್ಷಣದಲ್ಲಿ ಹೊಳೆಯುತ್ತದೆ. ವಚನ ಹೊಸೆದ ಯಂತ್ರ ಮಾಡಿದ್ದೂ ಇದನ್ನೇ.

ಒಂದು ಲ್ಯಾಪ್‌ಟಾಪ್ ಇದ್ದರೆ ಮುಂದಿನ ಹೆಜ್ಜೆಗೆ ಗೂಗಲ್‌ನ ಟೀಚಬಲ್ ಮಷೀನ್ ಇದೆ. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ನಮ್ಮ ಮಕ್ಕಳು ಹೊಂಗೆ ಎಲೆ, ಬೇವಿನ ಎಲೆ ತಂದು ಕ್ಯಾಮೆರಾಗೆ ತೋರಿಸಿ ಯಂತ್ರಕ್ಕೆ ಕಲಿಸಿದರು. ಚೆನ್ನಾಗಿ ಗುರುತಿಸುತ್ತಿತ್ತು. ಒಬ್ಬಳು ಬೇವಿನ ಎಲೆಯನ್ನು ಕಪ್ಪು ಬೆಂಚಿನ ಮೇಲೆ ಇಟ್ಟಳು. ಯಂತ್ರ ಹೊಂಗೆ ಎಂದಿತು. ನೋಡಿದರೆ ಹೊಂಗೆಯ ಚಿತ್ರಗಳನ್ನೆಲ್ಲ ಬೆಂಚಿನ ಮೇಲೆ, ಬೇವಿನವನ್ನೆಲ್ಲ ಬಿಳಿ ಹಾಳೆಯ ಮೇಲೆ ತೆಗೆದಿದ್ದರು. ಯಂತ್ರ ಎಲೆಯನ್ನು ಕಲಿತಿರಲಿಲ್ಲ, ಹಿಂದಿನ ಬಣ್ಣವನ್ನು ಕಲಿತಿತ್ತು. ಆ ಪೀರಿಯಡ್ ಮುಗಿದರೂ ಯಾರೂ ಎದ್ದು ಹೋಗಲಿಲ್ಲ.

ಸಿಬಿಎಸ್‌ಇ ಶಾಲೆಗಳಲ್ಲಿ 9ನೇ ತರಗತಿಗೆ ಎಐ ಎಂಬ ಐಚ್ಛಿಕ ವಿಷಯವೇ ಇದೆ, 2019-20ರಿಂದ. ಮಗುವಿಗೆ ಆಸಕ್ತಿ ಇದ್ದರೆ ತೆಗೆದುಕೊಳ್ಳಲಿ. ಆದರೆ ವಿಷಯವಾಗಿ ಓದುವುದು ಬೇರೆ, ದಿನದ ಓದಿನಲ್ಲಿ ವಿವೇಕದಿಂದ ಬಳಸುವುದು ಬೇರೆ. ಯುನೆಸ್ಕೊ 2024ರಲ್ಲಿ ವಿದ್ಯಾರ್ಥಿಗಳಿಗಾಗಿ ಕೊಟ್ಟ ಚೌಕಟ್ಟಿನಲ್ಲಿ ಮೂರು ಮೆಟ್ಟಿಲು ಇವೆ: ತಿಳಿಯುವುದು, ಬಳಸುವುದು, ಹೊಸದನ್ನು ರಚಿಸುವುದು. ನಾವು ಹೆಚ್ಚಿನವರು ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಜಿಗಿಯುತ್ತಿದ್ದೇವೆ. ಈ ದಾರಿಯ ಕೊರತೆ ಒಂದೇ. ನಾಳೆ ಇರುವ ಪರೀಕ್ಷೆಗೆ ಇದರಿಂದ ಅಂಕ ಬರುವುದಿಲ್ಲ. ಹಾಗಾಗಿ ಪೋಷಕರು ಕೇಳುವುದಿಲ್ಲ, ಶಾಲೆ ಸಮಯ ಕೊಡುವುದಿಲ್ಲ. ನಾನು ತಿಂಗಳಿಗೆ ಎರಡು ಪೀರಿಯಡ್ ಜಗಳಾಡಿಯೇ ಪಡೆದಿದ್ದೇನೆ.

ಹಾಗಾದರೆ ಯಾರಿಗೆ ಯಾವುದು?

7ನೇ ತರಗತಿಯವರೆಗೆ ನನ್ನ ಆಯ್ಕೆ ಸ್ಪಷ್ಟ. ಒಳಗೆ ಇಣುಕುವ ಆಟಗಳು ಸಾಕು. ಮಗುವಿನ ಕೈಗೆ ಚಾಟ್‌ಬಾಟ್ ಬೇಡ. ಚಾಟ್‌ಜಿಪಿಟಿಯ ನಿಯಮವೇ 13 ತುಂಬದವರು ಬಳಸಬಾರದು, 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯೂ 18 ತುಂಬದವರನ್ನು ಮಕ್ಕಳು ಎಂದೇ ಕರೆಯುತ್ತದೆ. ಮಗುವಿನ ಫೋಟೊ, ಶಾಲೆಯ ಹೆಸರು, ಅಂಕಪಟ್ಟಿ ಯಾವುದನ್ನೂ ಚಾಟಿಗೆ ಹಾಕಬಾರದು. ಇದನ್ನು ಮೊದಲ ದಿನವೇ ಹೇಳಿ.

8, 9ನೇ ತರಗತಿಗೆ ಮೂರು ಬೆಂಡಿನ ಕಾಲ. ಸುಳಿವಿನ ಮೋಡ್, ಮನೆಯವರ ಫೋನು, ಹಾಲ್‌ನಲ್ಲಿ ಎಲ್ಲರ ಎದುರು. ಕೋಣೆಯೊಳಗೆ ಅಲ್ಲ. ಅಪ್ಪ ಅಮ್ಮನಿಗೆ ಪಾಠ ಗೊತ್ತಿರಬೇಕಿಲ್ಲ. ಪಕ್ಕದಲ್ಲಿ ಕೂತು, "ಅದು ಏನು ಕೇಳ್ತು? ನೀನು ಏನು ಹೇಳ್ದೆ?" ಎಂದು ವಿಚಾರಿಸಿದರೆ ಸಾಕು. ಓದು ಬಾರದ ತಾಯಿಯೊಬ್ಬರು ಇದನ್ನು ದಿನವೂ ಮಾಡುತ್ತಾರೆ. ಅವರ ಮಗಳು ನನ್ನ ತರಗತಿಯಲ್ಲಿ ಬಹಳ ಚೆನ್ನಾಗಿ ವಿವರಿಸುವ ಮಕ್ಕಳಲ್ಲಿ ಒಬ್ಬಳು.

10ನೇ ತರಗತಿ ವಿಚಿತ್ರವಾದ ವರ್ಷ. ಗಣಿತ, ವಿಜ್ಞಾನದಲ್ಲಿ 80 ಅಂಕಕ್ಕೆ ಕೈಯಲ್ಲಿ ಬರೆಯಬೇಕು. ಉಳಿದ 20 ಆಂತರಿಕ ಅಂಕಕ್ಕೆ ಚಟುವಟಿಕೆ, ಯೋಜನೆ ಇರುತ್ತದೆ. ಎಐ ನುಗ್ಗುವುದು ಈ 20ರ ಬಾಗಿಲಿನಿಂದ. ಯೋಜನೆಯ ವರದಿಯನ್ನು ಎಐ ಬರೆದುಕೊಟ್ಟರೆ ನಾನು ಹಿಂದಿರುಗಿಸುವುದಿಲ್ಲ. ಮಗುವನ್ನು ಕರೆದು ಐದು ನಿಮಿಷ ಅದರ ಬಗ್ಗೆ ಮಾತಾಡಿಸುತ್ತೇನೆ, ಅಂಕ ಆ ಮಾತಿಗೆ. ಈ ವರ್ಷ ಚಾಟ್‌ಬಾಟನ್ನು ಪ್ರಶ್ನೆ ತಯಾರಿಸಲು ಮಾತ್ರ ಬಳಸಿ ಎನ್ನುತ್ತೇನೆ. ಈ ಪಾಠದಿಂದ ಹತ್ತು ಪ್ರಶ್ನೆ ಕೊಡು ಎಂದು ಕೇಳಿ, ಫೋನ್ ಎತ್ತಿಟ್ಟು, ಹಾಳೆಯಲ್ಲಿ ಉತ್ತರ ಬರೆಯುವುದು.

ಪಿಯುನಲ್ಲಿ ಪುಸ್ತಕಕ್ಕೆ ಕಟ್ಟಿದ ಎಐ ಮತ್ತು ಸುಳಿವಿನ ಮೋಡ್ ಎರಡೂ ಸೇರಲಿ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳಿಗೆ ಇದು ದೊಡ್ಡ ಆಸರೆ. ಇಂಗ್ಲಿಷ್ ಪ್ಯಾರಾ ಕೊಟ್ಟು, ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳು ಎಂದು ಕೇಳಬಹುದು. ಮೊದಲ ವರ್ಷದ ಆ ಆರು ತಿಂಗಳಲ್ಲಿ ಎಷ್ಟು ಒಳ್ಳೆಯ ಮಕ್ಕಳು ಕುಗ್ಗಿಹೋಗುತ್ತಾರೆ ಎಂದು ನನಗೆ ಗೊತ್ತು. ಇಲ್ಲಿ ಬೆಂಡು ಕಟ್ಟಲು ಹಿಂದೆಮುಂದೆ ನೋಡಬೇಡಿ. ಎರಡನೆಯ ವರ್ಷದ ಹೊತ್ತಿಗೆ ಕನ್ನಡದ ವಿವರಣೆಯನ್ನು ಮಗುವೇ ಮೊದಲು ಬರೆದು, ಆಮೇಲೆ ಎಐ ಹತ್ತಿರ ಸರಿನೋಡಿಸಿಕೊಳ್ಳಲಿ.

ಡಿಗ್ರಿಗೆ ಬಂದವರಿಗೆ ಸಾಮಾನ್ಯ ಚಾಟ್‌ಬಾಟ್ ಬಿಡಬಹುದು. ಎಲ್ಲಿ ಬಳಸಿದೆ, ಯಾಕೆ ಬಳಸಿದೆ ಎಂದು ಎರಡು ಸಾಲು ಬರೆದು ಕೊಡಬೇಕು, ಅಷ್ಟೆ. ಪ್ರತಿ ಅಸೈನ್‌ಮೆಂಟಿಗೂ ಎಐ ಎಷ್ಟರ ಮಟ್ಟಿಗೆ ಬಳಸಬಹುದು ಎಂದು ಅಧ್ಯಾಪಕರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿಚ್ಚುವುದು ಯಾವಾಗ?

ನಾನು ಮಾಡುವುದು ಇಷ್ಟು. ನೋಟ್‌ಬುಕ್ಕಿನ ಎಡ ಪುಟದಲ್ಲಿ ಮಗು ಮೊದಲು ತಾನೇ ಪ್ರಯತ್ನ ಮಾಡಬೇಕು, ತಪ್ಪಾದರೂ ಅಳಿಸಬಾರದು. ಬಲ ಪುಟದಲ್ಲಿ ಎಐ ಕೊಟ್ಟ ಸುಳಿವು, ತಾನು ತಿದ್ದಿಕೊಂಡದ್ದು. ಎಡ ಪುಟ ಖಾಲಿ ಇದ್ದರೆ ಬಲ ಪುಟ ನಾನು ನೋಡುವುದೇ ಇಲ್ಲ. ಮರುದಿನ ಅದೇ ಥರದ, ಸಂಖ್ಯೆ ಬದಲಾಯಿಸಿದ ನಾಲ್ಕು ಲೆಕ್ಕ, ಫೋನ್ ಇಲ್ಲದೆ. ಮೂರು ಸರಿಯಾದರೆ ಆ ಪಾಠಕ್ಕೆ ಒಂದು ಬೆಂಡು ಬಿಚ್ಚುತ್ತೇವೆ. ಅಂದರೆ ಮುಂದಿನ ಸಲ ಎರಡು ಸುಳಿವಿಗಿಂತ ಜಾಸ್ತಿ ಕೇಳುವಂತಿಲ್ಲ. ಆಮೇಲೆ ಒಂದು. ಆಮೇಲೆ ಉತ್ತರ ಬರೆದು ಮುಗಿಸಿದ ಮೇಲೆ ಸರಿನೋಡಲು ಮಾತ್ರ. ಬೇರೆ ಪಾಠಕ್ಕೆ ಹೋದಾಗ ಮತ್ತೆ ಮೂರು ಕಟ್ಟಿಕೊಳ್ಳಬಹುದು, ಅದರಲ್ಲಿ ಅವಮಾನ ಏನೂ ಇಲ್ಲ.

ಮನೆಯಲ್ಲಿ ಒಂದೇ ಫೋನ್, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ ಸಿಗುತ್ತದೆ ಎನ್ನುವ ಮಕ್ಕಳು ನನ್ನ ತರಗತಿಯಲ್ಲಿ ಅರ್ಧ ಇದ್ದಾರೆ. ಅವರಿಗೆ ನಾನು ಶನಿವಾರ ನನ್ನ ಫೋನು ಕೊಡುತ್ತೇನೆ. ಮೂವರಿಗೆ ಒಂದು ಸರದಿ, ಹದಿನೈದು ನಿಮಿಷ. ವಾರವಿಡೀ ಎಡ ಪುಟ ಬರೆದಿಟ್ಟುಕೊಂಡು ಬರುತ್ತಾರೆ. ಸಮಯ ಕಡಿಮೆ ಇರುವುದರಿಂದ ಯಾವ ಪ್ರಶ್ನೆ ಕೇಳಬೇಕು ಎಂದು ಮೂವರೂ ಮೊದಲೇ ಚರ್ಚೆ ಮಾಡಿಕೊಂಡಿರುತ್ತಾರೆ. ಎಷ್ಟೋ ಸಲ ಆ ಚರ್ಚೆಯಲ್ಲೇ ಉತ್ತರ ಸಿಕ್ಕಿ, ಸರದಿಯನ್ನು ಮುಂದಿನವರಿಗೆ ಬಿಟ್ಟುಕೊಡುತ್ತಾರೆ.